ಬಿಲ್ಲೆಯ ತೂತು

ನಾನು ಉತ್ತರ ಹೇಳಿದರೆ ರೇವಣಸಿದ್ದಪ್ಪ ಮೇಷ್ಟ್ರು "ಸರಿ, ಕೂತ್ಕೊ" ಅನ್ನುತ್ತಿದ್ದರು. ಪಾಲಯ್ಯ ಬಾಯಿ ತೆರೆದರೆ ಸ್ಟೂಲು ಎಳೆದುಕೊಂಡು ತಾವೇ ಕೂರುತ್ತಿದ್ದರು. ಎಂಟನೇ ತರಗತಿಯ ಆ ವರ್ಷ ನನಗಿದ್ದ ಸಂಕಟವೆಲ್ಲ ಇಷ್ಟೇ. ಆದರೆ ಅದು ಬೆಳಿಗ್ಗೆ ಏಳೂವರೆಗೆ ಭೀಮಸಮುದ್ರದಲ್ಲಿ ನನ್ನ ಜೊತೆ ಬಸ್ಸು ಹತ್ತುತ್ತಿತ್ತು, ಸಂಜೆ ನನ್ನ ಜೊತೆಯೇ ಇಳಿಯುತ್ತಿತ್ತು.

ಅದು ೧೯೭೪. ಅಪ್ಪ ಅಡಿಕೆ ಮಂಡಿಯೊಂದರಲ್ಲಿ ತೂಕ ಹಾಕುವ ಕೆಲಸದಲ್ಲಿದ್ದರು. ನನ್ನನ್ನು ಚಿತ್ರದುರ್ಗದ ಹೈಸ್ಕೂಲಿಗೆ ಸೇರಿಸಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಊರು ದಾಟುವುದರೊಳಗೆ ಮೌರ್ಯರು, ಕೋಟೆ ಕಾಣಿಸುವುದರೊಳಗೆ ಶಾತವಾಹನರು ನನಗೆ ಬಾಯಿಪಾಠವಾಗಿರುತ್ತಿದ್ದರು. ಇಸವಿ, ರಾಜಧಾನಿ, ಮಗ, ಮೊಮ್ಮಗ, ಯಾವುದೂ ತಪ್ಪುತ್ತಿರಲಿಲ್ಲ. ಇತಿಹಾಸದ ಮೂರು ಕಿರುಪರೀಕ್ಷೆಗಳಲ್ಲೂ ನಾನೇ ಮೊದಲು.

ಪಾಲಯ್ಯನಿಗೆ ಮೂರರಲ್ಲೂ ಮೂವತ್ತೈದು ದಾಟಿರಲಿಲ್ಲ. ಚಂದ್ರವಳ್ಳಿಯ ಆಚೆ ಅವರ ಹಟ್ಟಿ. ಬೆಳಿಗ್ಗೆ ಕುರಿಗಳನ್ನು ರೊಪ್ಪದಿಂದ ಬಿಟ್ಟು, ಅಜ್ಜಿಗೆ ಒಪ್ಪಿಸಿ, ಓಡಿ ಬರುತ್ತಿದ್ದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಒಮ್ಮೆ ಉತ್ತರಪತ್ರಿಕೆಯಲ್ಲಿ ಹರ್ಷವರ್ಧನನ ತಮ್ಮ ಅಶೋಕ ಎಂದು ಬರೆದಿದ್ದ. ಅದನ್ನು ಮೇಷ್ಟ್ರು ಗಟ್ಟಿಯಾಗಿ ಓದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆದರೆ ಹರಪ್ಪದ ಪಾಠ ನಡೆಯುವಾಗ ಅವನು ಎದ್ದು ನಿಂತ. "ಸಾ, ಬೀದಿ ಐತೆ, ಚರಂಡಿ ಐತೆ, ಸ್ನಾನದ ಕೊಳ ಐತೆ. ಕುರಿ ಎಲ್ಲಿ ಕೂಡಾಕ್ತಿದ್ರು?"

ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟರು, ಸ್ಟೂಲು ಎಳೆದುಕೊಂಡರು. "ಯಾಕೆ ಕೇಳ್ದೆ?"

"ಅಲ್ಲಾ ಸಾ, ಊರೊಳಗೆ ಕೂಡಾಕಿದ್ರೆ ಆ ಚರಂಡಿ ತಿಂಗಳೊಪ್ಪತ್ತಿಗೆ ಕಟ್ಕಂತೈತೆ. ಊರ ಹೊರಗೆ ಕೂಡಾಕಿದ್ರೆ ತೋಳ ಬಿಡಲ್ಲ. ಅವರೇನು ಮಾಡ್ತಿದ್ರು ಅಂತ."

ಆ ದಿನ ಗಂಟೆ ಹೊಡೆಯುವವರೆಗೂ ಪಾಠ ಮುಂದಕ್ಕೆ ಹೋಗಲಿಲ್ಲ. ಕುರಿಯ ಬಗ್ಗೆಯೇ ಮಾತು. ಹಿಂದಿನ ರಾತ್ರಿ ಓದಿ ತಂದಿದ್ದ ಮುದ್ರಿಕೆಗಳ ಪಟ್ಟಿ ನನ್ನ ನಾಲಗೆಯ ಮೇಲೆಯೇ ಉಳಿಯಿತು.

ನನಗೆ ಯಾವುದನ್ನಾದರೂ ಎಣಿಸಿ ನೋಡುವ ಚಟ. ಭೂಗೋಳದ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಂಬ ಎಳೆದು, ಮೇಷ್ಟ್ರು ನನ್ನ ಉತ್ತರ ಒಪ್ಪಿದ್ದು ಎಷ್ಟು ಸಲ, ಅವನದು ಎಷ್ಟು ಸಲ ಎಂದು ಗೆರೆ ಹಾಕತೊಡಗಿದೆ. ಆಗಸ್ಟ್ ಮುಗಿಯುವಾಗ ನನ್ನ ಕಡೆ ನಲವತ್ತೊಂದು, ಅವನ ಕಡೆ ಆರು. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಅಳತೆಯೇ ತಪ್ಪಿರಬೇಕು ಅನ್ನಿಸಿತು. ಆ ಪುಟ ಹರಿದು, ಸೆಪ್ಟೆಂಬರಿನಿಂದ ಮೇಷ್ಟ್ರು ಯಾರ ಜೊತೆ ಎಷ್ಟು ನಿಮಿಷ ಮಾತನಾಡಿದರು ಎಂದು ಗೋಡೆ ಗಡಿಯಾರ ನೋಡಿ ಬರೆಯತೊಡಗಿದೆ. ಈ ಲೆಕ್ಕ ಸರಿಯಾಗಿತ್ತು. ಇದರಲ್ಲಿ ನಾನು ಪ್ರತಿದಿನ ಸೋಲುತ್ತಿದ್ದೆ.

ಮೇಷ್ಟ್ರು ಮಳೆಗಾಲದ ಭಾನುವಾರಗಳಲ್ಲಿ ನಮ್ಮನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುತ್ತಿದ್ದರು. ಮಳೆ ನೀರು ಹರಿದ ಜಾಡಿನಲ್ಲಿ ಹಳೆಯ ಮಡಕೆ ಚೂರುಗಳು ಮೇಲೆ ಬಿದ್ದಿರುತ್ತಿದ್ದವು. ಅಗೆಯಕೂಡದು, ಕೆದಕಕೂಡದು, ಮೇಲೆ ಬಿದ್ದದ್ದನ್ನು ಮಾತ್ರ ಅವರಿಗೆ ತೋರಿಸಿ ಎತ್ತಿಕೊಳ್ಳಬೇಕು. ಪ್ರತಿ ಚೂರಿಗೂ ಒಂದು ಚೀಟಿ: ಎಲ್ಲಿ, ಯಾವ ತಾರೀಕು, ಯಾರಿಗೆ ಸಿಕ್ಕಿದ್ದು. ನನ್ನ ಅಕ್ಷರ ದುಂಡಗಿತ್ತೆಂದು ಚೀಟಿ ಬರೆಯುವ ಕೆಲಸ ನನ್ನದು. ಹಾಗಾಗಿ ಪಾಲಯ್ಯನ ಹೆಸರನ್ನು ಆ ವರ್ಷ ನಾನು ಬರೆದಷ್ಟು ಸಲ ಅವನೂ ಬರೆದಿರಲಿಕ್ಕಿಲ್ಲ. ಅವನ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. ದಿನಾ ಕುರಿ ಹಿಂದೆ ತಿರುಗಿದ ನೆಲ ಅದು.

ಸೆಪ್ಟೆಂಬರ್ ನಡುವೆ ಮೇಷ್ಟ್ರು ಒಂದು ಸುದ್ದಿ ಹೇಳಿದರು. ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿಯೊಬ್ಬರು ದಸರಾ ರಜೆಯಲ್ಲಿ ಮೈಸೂರಿನಿಂದ ಬರುತ್ತಾರೆ. ಜೀಪಿನಲ್ಲಿ ಎಂಟು ದಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರೂರು ಸುತ್ತಿ ಹಳೆಯ ನೆಲೆಗಳನ್ನು ಗುರುತು ಹಾಕುತ್ತಾರೆ. ನಮ್ಮ ಶಾಲೆಯಿಂದ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಳ್ಳಲು ಒಪ್ಪಿದ್ದಾರೆ.

"ಒಬ್ಬನ್ನೇ" ಎಂದು ಬೆರಳೆತ್ತಿ ತೋರಿಸಿದರು.

ಆ ಒಬ್ಬ ನಾನಲ್ಲದೆ ಇನ್ನಾರು? ಅಂದು ಸಂಜೆಯೇ ಅಮ್ಮನಿಗೆ ಹೇಳಿ ಬಟ್ಟೆ ಚೀಲ ಒಗೆಯಲು ಹಾಕಿಸಿದೆ.

ಇಪ್ಪತ್ತೆರಡನೇ ತಾರೀಕು ಭಾನುವಾರ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ಪಾಲಯ್ಯ ಒಂದು ಕೊರಕಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು "ಸಾ, ಬರ್ರಿ ಇಲ್ಲಿ" ಎಂದು ಕೂಗಿದ. ಕೆಂಪು ಮಡಕೆಯ ಚೂರನ್ನು ಉಜ್ಜಿ ಮಾಡಿದ ದುಂಡನೆಯ ಬಿಲ್ಲೆ. ನಡುವೆ ಒಂದು ತೂತು. ಅಗಲ ಎಂಟಾಣೆ ನಾಣ್ಯಕ್ಕಿಂತ ಸ್ವಲ್ಪ ಹೆಚ್ಚು.

ನಾನು ಮುಂದೆ ನುಗ್ಗಿದೆ. "ಆಟದ ಗಾಡಿ ಚಕ್ರ ಸಾರ್. ಹರಪ್ಪದಲ್ಲೂ ಸಿಕ್ಕಿದೆ. ಪುಸ್ತಕದಲ್ಲಿ ಚಿತ್ರ ಇದೆ."

ಪಾಲಯ್ಯ ನನ್ನ ಕಡೆ ನೋಡಲೇ ಇಲ್ಲ. ಒಂದು ಕಡ್ಡಿ ಮುರಿದು ತೂತಿಗೆ ಸಿಕ್ಕಿಸಿ ಅಂಗೈ ಮೇಲೆ ತಿರುಗಿಸಿದ. ಅದು ಬುಗುರಿಯಂತೆ ನಿಂತು ತಿರುಗಿತು. "ಚಕ್ರ ಅಲ್ಲ ಸಾ, ತಕಲಿ ಬಿಲ್ಲೆ. ಉಣ್ಣೆ ನೂಲೋ ತಕಲಿ ಕೆಳಗೆ ಭಾರಕ್ಕೆ ಹಾಕ್ತಾರೆ. ನಮ್ಮಜ್ಜಿ ಹತ್ರ ಇಂಥವು ಬೇಕಾದಷ್ಟು ಅವೆ."

ಮೇಷ್ಟ್ರು ಅಲ್ಲೇ ಒದ್ದೆ ಬಂಡೆಯ ಮೇಲೆ ಕೂತುಬಿಟ್ಟರು, ಬಿಳಿ ಪಂಚೆಯಲ್ಲಿ. "ಹಂಗಾದ್ರೆ ಶಾತವಾಹನರ ಕಾಲದಲ್ಲಿ ಈ ಕಣಿವೇಲಿ ನೂಲು ತೆಗೀತಿದ್ರು ಅನ್ನು" ಅಂದರು. ಅದನ್ನು ಅವನಿಗೆ ಹೇಳಿದರು, ನಮಗಲ್ಲ. ನಾನು ಚೀಟಿ ಬರೆದೆ. 'ಆಟದ ಗಾಡಿ' ಎಂದು ಬರೆದಿದ್ದನ್ನು ಹೊಡೆದು ಹಾಕಿ 'ತಕಲಿ ಬಿಲ್ಲೆ' ಎಂದು ತಿದ್ದಿದೆ. ಕೆಳಗೆ ಪಾಲಯ್ಯ.

ಸೋಮವಾರ ತರಗತಿಯಲ್ಲಿ ಹೇಳಿದರು, ಜೀಪಿನಲ್ಲಿ ಹೋಗುವವನು ಪಾಲಯ್ಯ. ಮೈಸೂರಿಗೆ ಬಿಲ್ಲೆಯ ವಿಷಯ ತಿಳಿಸಿ ಕಾಗದವೂ ಬರೆದಾಗಿತ್ತು.

ಆಮೇಲಿನ ಎರಡು ದಿನ ನನಗೆ ಊಟ ಸೇರಲಿಲ್ಲ. ಜೀಪಿನ ಮುಂದಿನ ಸೀಟಿನಲ್ಲಿ ಅವನು ಕೂತಿರುವುದು, ಅಧಿಕಾರಿ ಅವನ ಮಾತು ಕೇಳುತ್ತಿರುವುದು, ಎಲ್ಲವೂ ಕಣ್ಣಿಗೆ ಕಟ್ಟುತ್ತಿತ್ತು. ಶಾತವಾಹನರ ಮೂರು ದೊರೆಗಳ ಹೆಸರು ಬಾರದವನು! ಕುರಿ ಕಾಯ್ದದ್ದೇ ಯೋಗ್ಯತೆಯಾದರೆ ನಾನು ಬೆಳಿಗ್ಗೆ ಐದಕ್ಕೆ ಎದ್ದು ಓದುವುದು ಯಾಕೆ? ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಬುಧವಾರ ಶಾಲೆ ಬಿಟ್ಟ ಮೇಲೆ ಪಾಲಯ್ಯನ ಜೊತೆ ನಡೆದೆ. "ನಿಮ್ಮಜ್ಜಿ ತಕಲಿ ನೋಡಬೇಕು" ಅಂದೆ. ನೋಡಬೇಕಾಗಿದ್ದದ್ದು ನಿಜವಾಗಿ ಏನೆಂದು ನನಗೇ ತಿಳಿದಿರಲಿಲ್ಲ. ಅವನಿಗೆ ಖುಷಿಯಾಯಿತು. "ಬಾರಲೇ ಜಂಪ, ಹೋಗಾಣ. ನಮ್ಮಜ್ಜಿ ಮಜ್ಜಿಗೆ ಕೊಡ್ತಾಳೆ."

ಹಟ್ಟಿಯ ಉಳಿದ ಹೆಂಗಸರು ಮನೆಯ ಮುಂದೆ ರಾಟೆ ಹಾಕಿಕೊಂಡು ನೂಲುತ್ತಿದ್ದರು. ಅವನ ಅಜ್ಜಿ ಸಿದ್ದಕ್ಕ ಮಾತ್ರ ಗಂಡಸರ ಹಾಗೆ ಕುರಿಯ ಹಿಂದೆ ನಡೆಯುತ್ತಲೇ ತಕಲಿ ತಿರುಗಿಸುವವಳು. ನಾವು ಹೋದಾಗ ರೊಪ್ಪದ ಬಾಗಿಲಲ್ಲಿ ಕೂತು ಒಂದು ಮಡಕೆ ಚೂರನ್ನು ಕಲ್ಲಿನ ಮೇಲೆ ಉಜ್ಜುತ್ತಿದ್ದಳು.

"ಇವನ್ಯಾರೋ, ಕಡ್ಡಿ ಹಂಗವ್ನೆ?"

"ನಮ್ಮ ಕ್ಲಾಸಿಗೆ ಫಸ್ಟು ಇವನೇ ಅಜ್ಜಿ. ಜಂಪಣ್ಣ ಅಂತ."

"ಫಸ್ಟ್ ಬಂದ್ರೆ ಮನೇಲಿ ಉಣ್ಣಾಕೆ ಇಕ್ಕಲ್ವೇನಪ್ಪ? ಕುಂತ್ಕ."

ನಾನು ಕೂತೆ. "ಆ ಚೂರು ಎಲ್ಲಿಂದ ತಂದಿರಿ ಅಜ್ಜಿ?"

"ಚಂದ್ರವಳ್ಳಿಯಾಗೆ ರಾಶಿ ಬಿದ್ದವೆ. ಈಗಿನ ಮಡಕೆ ಚೂರು ಉಜ್ಜಿದ್ರೆ ಪುಡಿ ಆಗ್ತೈತೆ. ಅವು ಚೆನ್ನಾಗಿ ಬೆಂದವೆ, ಕಲ್ಲಿನಂಗೆ."

ಹಳೆಯ ಚೂರಿನಿಂದ ಹೊಸ ಬಿಲ್ಲೆ! "ಕುರಿ ಮೇಯಿಸುವಾಗ ಅಲ್ಲಿ ಬಿಲ್ಲೆ ಕಳಕೊಂಡಿದ್ದೀರಾ?"

"ಕಡ್ಡಿ ಮುರಿದ್ರೆ ಬಿಲ್ಲೆ ಎತ್ತ ಹೋಯ್ತೋ. ಎಣಿಸ್ಕಂಡು ಕುಂತೋರು ಯಾರು?" ಎಂದು ನಕ್ಕು, ಆರಿಯ ಚೂಪು ಮೊನೆಯನ್ನು ನೀರಿಗೆ ಅದ್ದಿ ಬಿಲ್ಲೆಯ ನಡುವೆ ಕೊರೆಯತೊಡಗಿದಳು.

ನಾನು ನೋಟುಬುಕ್ಕು ತೆಗೆದೆ. ಸೈನ್ಸ್ ಕ್ಲಾಸಿನಲ್ಲಿ ಹೂವನ್ನು ಸೀಳಿ ಚಿತ್ರ ಬರೆಯುವ ಹಾಗೆ ಅವಳ ಬಿಲ್ಲೆಯ ಸೀಳುಚಿತ್ರ ಬರೆದೆ. ಕೊರೆದದ್ದು ಒಂದೇ ಕಡೆಯಿಂದ. ತೂತು ಮೇಲೆ ಅಗಲ, ಕೆಳಗೆ ಕಿರಿದು, ಆಲಿಕೆಯ ಹಾಗೆ. ಪಕ್ಕದಲ್ಲಿ ಭಾನುವಾರ ಸಿಕ್ಕಿದ್ದನ್ನು ನೆನಪಿನಿಂದ ಬರೆದೆ. ಚೀಟಿ ಕಟ್ಟುವಾಗ ಅದನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿದ್ದೆ. ಅದರ ತೂತು ಎರಡೂ ಮುಖದಲ್ಲಿ ಅಗಲ, ನಡುವೆ ಕಿರಿದು, ಡಮರುಗದ ಹಾಗೆ.

ಪೆನ್ಸಿಲು ನಿಂತಿತು. "ಅಜ್ಜಿ, ನೀವು ಎರಡೂ ಕಡೆಯಿಂದ ಕೊರೆಯೋದಿಲ್ವಾ?"

"ಹಂಗೆ ಕೊರೆದ್ರೆ ಕಡ್ಡಿ ಬಿಗಿಯಾಗಿ ಕೂರಲ್ಲ, ಲಟಪಟ ಅಂತೈತೆ. ನಮ್ಮತ್ತೆ ಹಂಗೆ ಕೊರೀತಿರ್ಲಿಲ್ಲ, ಅವರತ್ತೇನೂ ಕೊರೀತಿರ್ಲಿಲ್ಲ."

ಪಾಲಯ್ಯ ನನ್ನ ಹೆಗಲ ಮೇಲಿಂದ ಬಗ್ಗಿ ಎರಡು ಚಿತ್ರಗಳನ್ನೂ ನೋಡಿದ. "ಏನ್ ಚೆಂದ ಬರೀತೀಯಲೇ" ಅಂದ. ನಾನು ಮಜ್ಜಿಗೆ ಕುಡಿದು, ಪುಟದ ಮೇಲೆ ತಾರೀಕು ಹಾಕಿ, ಬಸ್ಸಿಗೆ ಹೊರಟೆ.

ಬಸ್ಸಿನಲ್ಲಿ ಆ ಪುಟ ತೆರೆದು ನೋಡುತ್ತಾ ಬಂದೆ. ಎಡಗಡೆ ಅಜ್ಜಿಯ ಬಿಲ್ಲೆ, ಅದು ಪಾಲಯ್ಯನನ್ನು ಜೀಪಿನಿಂದ ಇಳಿಸುತ್ತಿತ್ತು. ಬಲಗಡೆ ಭಾನುವಾರದ್ದು, ಅದು ಅವನನ್ನು ಮತ್ತೆ ಹತ್ತಿಸುತ್ತಿತ್ತು. ಊರು ಬರುವಷ್ಟರಲ್ಲಿ ನಾನು ಪುಸ್ತಕ ಮುಚ್ಚಿದ್ದೆ.

ಮರುದಿನ ಇತಿಹಾಸದ ಪೀರಿಯಡ್ಡಿನಲ್ಲಿ ಎದ್ದು ನಿಂತೆ. ಕಂಡದ್ದನ್ನು ಕ್ರಮವಾಗಿ ಹೇಳಿದೆ. ಅಜ್ಜಿ ಚಂದ್ರವಳ್ಳಿಯ ಹಳೇ ಚೂರುಗಳಿಂದಲೇ ಬಿಲ್ಲೆ ಮಾಡುತ್ತಾರೆ, ಅಲ್ಲೇ ಕುರಿ ಮೇಯಿಸುತ್ತಾರೆ, ಅಲ್ಲೇ ಎಷ್ಟೋ ಕಳೆದುಕೊಂಡಿದ್ದಾರೆ. ತೂತಿನ ವಿಷಯ ಹೇಳಲಿಲ್ಲ.

ಮೇಷ್ಟ್ರ ಮುಖ ಸಣ್ಣದಾಯಿತು. "ಪಾಲಯ್ಯ, ಹೌದೇನೋ? ನಿಮ್ಮಜ್ಜಿ ಆ ಚೂರಿನಲ್ಲೇ ಮಾಡ್ತಾರಾ?"

"ಹೌದು ಸಾ."

"ಆ ಕೊರಕಲಿನ ಹತ್ರ ಕುರಿ ಹೊಡ್ಕೊಂಡು ಹೋಗ್ತಾರಾ?"

"ಹೋಗ್ತಾಳೆ ಸಾ."

"ಬಿಲ್ಲೆ ಕಳಕೊಂಡಿದ್ದು ಹೌದಾ?"

"ಹೌದು ಸಾ."

"ಮತ್ತೆ ಅವತ್ತು ಇದನ್ನೆಲ್ಲ ಯಾಕೆ ಹೇಳಲಿಲ್ಲ?"

ಪಾಲಯ್ಯ ನನ್ನ ಕಡೆ ನೋಡಿದ. ಒಂದು ಪಾಠ ಓದುವಷ್ಟು ಹೊತ್ತು ನೋಡಿದ ಅಂತ ನನಗೆ ನೆನಪು, ಅಷ್ಟು ಹೊತ್ತಿರಲಾರದು. ನಾನು ಡೆಸ್ಕಿನ ಮೇಲೆ ಯಾರೋ ಕೆತ್ತಿದ ಹೆಸರನ್ನು ಓದುತ್ತಿದ್ದೆ.

ಹಿಂದಿನಿಂದ ಯಾರೋ "ಅಜ್ಜಿ ನಾಗರಿಕತೆ ಕಣ್ರಲೇ!" ಎಂದರು. ತರಗತಿಯೆಲ್ಲ ಹೋ ಎಂದು ನಕ್ಕಿತು. ಮೇಷ್ಟ್ರು ಬೀರು ತೆಗೆದು ಬಿಲ್ಲೆಯ ಚೀಟಿ ಬಿಚ್ಚಿ ಹರಿದರು. "ತಗೊ, ನಿಮ್ಮಜ್ಜಿಗೆ ಕೊಡು" ಎಂದು ಬಿಲ್ಲೆಯನ್ನು ಅವನ ಕೈಗಿಟ್ಟರು. ಅವನು ಒಂದೂ ಸುಳ್ಳು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಮರುದಿನ ಜೀಪು ಹತ್ತಿದವನು ನಾನು.

ಆ ದಿನಗಳು ಚೆನ್ನಾಗಿಯೇ ಇದ್ದವು ಎಂದು ಒಪ್ಪಿಕೊಳ್ಳಬೇಕು. ಮೊದಲು ಹಿರಿಯೂರು ಕಡೆ ಹರಿಯಬ್ಬೆಯ ಹೊಲಗಳು, ಆಮೇಲೆ ಹೊಳಲ್ಕೆರೆ, ಕೊನೆಗೆ ಹೊಸದುರ್ಗ. ಅಧಿಕಾರಿ ನಕ್ಷೆ ಬಿಡಿಸಿದರೆ ನಾನು ಗಾಳಿಗೆ ಹಾರದಂತೆ ಮೂಲೆ ಹಿಡಿಯುತ್ತಿದ್ದೆ. ಇಸವಿ ಕೇಳಿದರೆ ತಟ್ಟನೆ ಹೇಳುತ್ತಿದ್ದೆ. ಜೀಪಿನ ಡ್ರೈವರ್ ದುರುಗಣ್ಣ "ಪಂಚಾಂಗ ನುಂಗವ್ನೆ ಸ್ವಾಮಿ ಈ ಹುಡುಗ" ಅನ್ನುತ್ತಿದ್ದ. ಅಧಿಕಾರಿ ನಗುತ್ತಿದ್ದರು. ಆರನೇ ದಿನದ ತನಕ ನನಗೆ ಪಾಲಯ್ಯನ ನೆನಪು ಬರಲಿಲ್ಲ.

ಆರನೇ ದಿನ ಮಾಡದಕೆರೆಯ ಹತ್ತಿರ, ಉತ್ತ ಹೊಲವೊಂದರಲ್ಲಿ ಅಧಿಕಾರಿ ಬಗ್ಗಿ ಏನನ್ನೋ ಎತ್ತಿಕೊಂಡರು. ಉಗುರಿನಿಂದ ಮಣ್ಣು ಬಿಡಿಸಿದರು. ಮಡಕೆ ಚೂರಿನ ಬಿಲ್ಲೆ. ಆಕಾಶಕ್ಕೆ ಹಿಡಿದು ತೂತಿನಲ್ಲಿ ಇಣುಕಿ, ನನಗೂ ತೋರಿಸಿದರು.

"ನೋಡಯ್ಯ, ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿದಾರೆ. ಈಗಿನವರು ಯಾರೂ ಹೀಗೆ ಮಾಡೋದಿಲ್ಲ. ಇದೊಂದರಿಂದಲೇ ಕಾಲ ಹೇಳೋಕೆ ಆಗಲ್ಲ, ಆದರೂ..." ಎಂದು ಕರ್ಚೀಫಿನಲ್ಲಿ ಸುತ್ತಿದರು. "ನಿಮ್ಮ ಮೇಷ್ಟ್ರು ಚಂದ್ರವಳ್ಳೀಲಿ ಒಂದು ಸಿಕ್ಕಿತು ಅಂತ ಬರೆದಿದ್ದರು. ಆಮೇಲೆ ಇನ್ನೊಂದು ಕಾಗದ ಹಾಕಿ, ಅದು ಹೊಸದು, ಕ್ಷಮಿಸಬೇಕು ಅಂದರು. ನೀನು ನೋಡಿದ್ದೆಯಾ ಅದನ್ನ?"

"ನೋಡಿದ್ದೆ ಸಾರ್."

"ತೂತು ಹೇಗಿತ್ತು?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಯಾರೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಆಸರೆಯಾಗಿತ್ತು.

"ಸರಿಯಾಗಿ ನೆನಪಿಲ್ಲ ಸಾರ್" ಅಂದೆ. ಈಗ ನಾನು ಸುಳ್ಳೂ ಹೇಳಿದಂತಾಯಿತು.

ರಜೆ ಮುಗಿದು ಶಾಲೆ ತೆರೆಯಿತು. ಪಾಲಯ್ಯ ಬರುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಮೇಷ್ಟ್ರು ಏನು ಕೇಳಿದರೂ "ಗೊತ್ತಿಲ್ಲ ಸಾ" ಅನ್ನುತ್ತಿದ್ದ. ಮೇಷ್ಟ್ರು ಕೇಳುವುದನ್ನೂ ಬಿಟ್ಟರು. ಗುಪ್ತರ ಕಾಲವನ್ನು ನಿಂತೇ ಮುಗಿಸಿದರು. ಕದಂಬರನ್ನೂ ನಿಂತೇ ಮುಗಿಸಿದರು. ನನ್ನ ಲೆಕ್ಕದಲ್ಲಿ ಪಾಲಯ್ಯನ ಕಂಬ ಖಾಲಿ. ಆದರೆ ಆ ನಿಮಿಷಗಳು ನನ್ನ ಕಂಬಕ್ಕೂ ಬಂದಿರಲಿಲ್ಲ. ಎಲ್ಲಿಗೂ ಬಂದಿರಲಿಲ್ಲ. ಭಾನುವಾರದ ಚಂದ್ರವಳ್ಳಿಯೂ ನಿಂತಿತು.

ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಅವನನ್ನು ಹಿಡಿದೆ. "ಪಾಲಯ್ಯ, ಆ ಬಿಲ್ಲೆ ನಿಮ್ಮಜ್ಜೀದಲ್ಲ."

"ಗೊತ್ತು."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?"

ಅವನು ಕೈ ತೊಳೆದು ಚಡ್ಡಿಗೆ ಒರೆಸಿಕೊಂಡ. "ನಾನು ಹೇಳಿದ್ರೆ ಅಜ್ಜಿ ಹೇಳ್ಕೊಟ್ಟವಳೆ ಅಂತ ಇನ್ನೂ ನಗ್ತಿದ್ರು. ನೀನು ಬರ್ಕಂಡಿದ್ಯಲ್ಲ, ನಾನೇ ನೋಡಿದ್ನಲ್ಲ. ನೀನು ಹೇಳ್ತೀಯ ಅಂತ ನೋಡ್ತಾ ಇದ್ದೆ."

ಬೈದಿದ್ದರೆ ಹೊಡೆದಾಡಬಹುದಾಗಿತ್ತು. ಅವನು ಬೈಯಲಿಲ್ಲ. ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು ಹೋದ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆಯಿತ್ತು ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನನಗೆ ಯಾರ ಮೇಲೂ ಅಂಥ ನಂಬಿಕೆ ಇರಲಿಲ್ಲ.

ಅಂದು ಸಂಜೆ ಸ್ಟಾಫ್ ರೂಮಿಗೆ ಹೋಗಿ ನೋಟುಬುಕ್ಕು ತೆರೆದು ಮೇಷ್ಟ್ರ ಮುಂದಿಟ್ಟೆ. ಎರಡು ಚಿತ್ರ. ಯಾವುದು ಯಾವುದೆಂದು ಹೇಳಿದೆ. ಮಾಡದಕೆರೆಯ ವಿಷಯ ಹೇಳಿದೆ. ಅವರು ಕನ್ನಡಕ ಏರಿಸಿ ಮೊದಲು ಚಿತ್ರ ನೋಡಿದರು, ಆಮೇಲೆ ಮೂಲೆಯ ತಾರೀಕು.

"ಇಪ್ಪತ್ತೈದು. ನೀನು ಕ್ಲಾಸಲ್ಲಿ ಎದ್ದು ನಿಂತಿದ್ದು?"

"ಇಪ್ಪತ್ತಾರು ಸಾರ್."

ಅವರು ಮತ್ತೊಮ್ಮೆ ಎರಡೂ ಚಿತ್ರ ನೋಡಿದರು. "ಚಿತ್ರ ಚೆನ್ನಾಗಿ ಬರೆದಿದ್ದೀಯ" ಅಂದರು ಕೊನೆಗೆ. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿ, ಚಪ್ಪಲಿ ಮೆಟ್ಟಿ ಹೊರಟರು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹತ್ತು ಹೆಜ್ಜೆ ಹಿಂದೆ ನಾನೂ ನಡೆದೆ.

ಹಟ್ಟಿಯ ಮುಂದೆ ಕುರಿಗಳು ಆಗತಾನೇ ರೊಪ್ಪ ಸೇರುತ್ತಿದ್ದವು. ಸಿದ್ದಕ್ಕ ನಿಂತುಕೊಂಡೇ ತಕಲಿ ತಿರುಗಿಸುತ್ತಿದ್ದಳು. ಅದರ ಕೆಳಗೆ ಆ ಬಿಲ್ಲೆ.

"ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಏನ್ ಮಾಡವ್ನೆ ನಮ್ ಹುಡುಗ?"

"ಅವನೇನೂ ಮಾಡಿಲ್ಲ ತಾಯಿ. ಆ ಬಿಲ್ಲೆ ಒಂದು ಸಲ ನೋಡಬೇಕಿತ್ತು."

"ಇದಾ? ಇದು ನಂದಲ್ಲ, ಯಾವ ಪುಣ್ಯಾತ್ಗಿತ್ತೀದೋ. ತೂತು ಸರಿ ಇಲ್ಲ, ಉಣ್ಣೆ ತುರುಕಿ ಕೂರಿಸೀನಿ. ತಿರುಗಾದು ಮಾತ್ರ ಚೆನ್ನಾಗಿ ತಿರುಗ್ತೈತೆ. ಈಗ ಬಿಚ್ಚಿದ್ರೆ ನೂಲು ಸಿಕ್ಕಾಗ್ತೈತೆ. ಕಡ್ಡಿ ತುಂಬಲಿ, ಕೊಡ್ತೀನಿ."

"ಆಗಲಿ, ಕಾಯ್ತೀನಿ" ಎಂದು ಮೇಷ್ಟ್ರು ನೆಲದ ಮೇಲೆಯೇ ಕೂತರು. ರೊಪ್ಪದ ಬಾಗಿಲು ಹಾಕುತ್ತಿದ್ದ ಪಾಲಯ್ಯ ಅಲ್ಲೇ ನಿಂತಿದ್ದ. "ಬಾರೋ ಇಲ್ಲಿ" ಅಂದರು. "ಅವತ್ತು ನಿನ್ನ ಅಷ್ಟೆಲ್ಲ ಕೇಳ್ದೆ, ಒಂದು ಕೇಳೋದು ಬಿಟ್ಟುಬಿಟ್ಟೆ. ನಂದು ತಪ್ಪಾಯ್ತಪ್ಪ. ಎರಡೂ ಕಡೆಯಿಂದ ಕೊರೆದರೆ ಏನಾಗುತ್ತೆ, ನೀನೇ ಹೇಳು."

ಪಾಲಯ್ಯ ರೊಪ್ಪದ ಬಾಗಿಲು ಭದ್ರಮಾಡಿ ಬಂದ. ಆಮೇಲೆ ಕೂತ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಗೀಚುತ್ತಾ ಹೇಳತೊಡಗಿದ. ಮೊದಲು ಒಂದೊಂದೇ ಮಾತು, ಆಮೇಲೆ ಒಟ್ಟೊಟ್ಟಿಗೆ. ನಡುನಡುವೆ ಅಜ್ಜಿ "ಹಂಗಲ್ಲ ಕಣಲೇ" ಎಂದು ತಿದ್ದುತ್ತಿದ್ದಳು. ಮೇಷ್ಟ್ರು ಇಬ್ಬರ ಕಡೆಗೂ ತಲೆ ತಿರುಗಿಸುತ್ತಾ ಕೇಳುತ್ತಿದ್ದರು. ಅವನು ಗೀಚಿದ ಚಿತ್ರ ಸೊಟ್ಟಗಿತ್ತು. ಅದನ್ನು ಸರಿಮಾಡಿ ತೋರಿಸಬೇಕೆಂದು ನನ್ನ ಕೈ ತುರಿಸಿತು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇದ್ದದ್ದನ್ನೆಲ್ಲ ಹೇಳಿಬಿಟ್ಟರೆ ಹೊಟ್ಟೆಯುರಿ ಆರುತ್ತದೆ ಎಂದುಕೊಂಡೇ ಸ್ಟಾಫ್ ರೂಮಿನ ಮೆಟ್ಟಿಲು ಹತ್ತಿದ್ದೆ. ಬೇಲಿಯ ಪಕ್ಕ ನಿಂತು ಪರೀಕ್ಷಿಸಿಕೊಂಡೆ. ಆರಿರಲಿಲ್ಲ. ಮೊದಲಿನಷ್ಟೇ ಇತ್ತು. ಆದರೆ ಈ ಸಲ ಅದಕ್ಕೆ ಮಾಡಲು ಯಾವ ಕೆಲಸವೂ ಇರಲಿಲ್ಲ.

ಭೀಮಸಮುದ್ರದ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ನಾನು ತಿರುಗಿದ್ದನ್ನು ನೋಡಿದವಳು ಸಿದ್ದಕ್ಕ ಒಬ್ಬಳೇ. "ಏನಪ್ಪ ಫಸ್ಟು, ಮಜ್ಜಿಗೆ ಕುಡದು ಹೋಗು" ಎಂದಳು.

"ಬಸ್ಸು ಐತಜ್ಜಿ" ಎಂದೆ. ಕಡ್ಡಿ ತುಂಬಲು ಇನ್ನೂ ಬಹಳ ನೂಲು ಬೇಕಾಗಿತ್ತು. ಮೇಷ್ಟ್ರು ಏನನ್ನೋ ಕೇಳಿ ಜೋರಾಗಿ ನಕ್ಕರು. ನಾನು ಬಸ್ ಸ್ಟ್ಯಾಂಡಿನ ಕಡೆ ಓಡತೊಡಗಿದೆ.